ಚುಕ್ಕಾಣಿಯಿಲ್ಲದ ಹರಿಗೋಲು

ದಿಕ್ಸೂಚಿಯನ್ನನುಸರಿಸಿ ಚುಕ್ಕಾಣಿಯನ್ನು ತಾನೇ ತಿರುಗಿಸುವ ಯಂತ್ರವು ಇಂದು ಅನೇಕ ದೋಣಿಗಳಲ್ಲುಂಟು. ವೇಗವಿದ್ದಾಗ ಅದು ಜಾಣ. ದೋಣಿ ನಿಧಾನವಾದೊಡನೆ ದಿಕ್ಕುಗೆಡುತ್ತದೆ. ನೀರು ರಭಸದಿಂದ ತಾಗಿ ಹರಿಯದಿದ್ದರೆ ಚುಕ್ಕಾಣಿಯು ಬರಿಯ ಹಲಗೆಯಷ್ಟೆ.

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಹರಿಗೋಲಿಗಾದರೋ ಚುಕ್ಕಾಣಿಯೇ ಇಲ್ಲ, ಮುಂದು-ಹಿಂದೆಂಬುದೂ ಇಲ್ಲ. 1520ರ ಸುಮಾರಿಗೆ ಇಂಥ ದುಂಡುದೋಣಿಗಳನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಅವು ನೇರ ಸಾಗಲಾರದೆ ಸದಾ ಸುತ್ತುತ್ತಿರುವುವೆಂದು ಬರೆದಿಟ್ಟನು. ಪಾಪ, ಅವನಿಗೆ ತಲೆ ತಿರುಗಿತೋ ಏನೋ! ಅಂಬಿಗನ ಗುಟ್ಟೆಲ್ಲ ಹುಟ್ಟಿನಲ್ಲಿದೆ. ಅದನ್ನು ಮುಂದೆ ಚಾಚಿ ನೀರನ್ನು ತನ್ನೆಡೆಗೆ ಸೆಳೆದು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿಸುತ್ತಾನೆ. ನೀರನ್ನು ದೂಡುವುದು ಅವನ ತೋಳೇ ಆದ್ದರಿಂದ, ನಿಂತ ಹರಿಗೋಲೂ ಅವನ ಮಾತು ಕೇಳುತ್ತದೆ.

ಆದರೆ ಮುನಿರಾಬಾದಿನ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಹೊಳೆಯ ಸೆಳೆತವು ತೋಳಿಗೆ ಮೀರಿದ್ದು. ಬಂಡೆಗಳೋ ಕಣ್ಣಿಗೆ ಕಾಣವು. ಆಗ ಹರಿಗೋಲನ್ನು ದಡಕ್ಕೇರಿಸಿಡುವುದೇ ಕ್ಷೇಮ.