ತೋಟದ ಹೆಣ್ಣು ನಾಯಿ ಮತ್ತು ನಮ್ಮ ಸಂಕೋಚ

ಈ ಪುಟಗಳಲ್ಲಿ ಕೊಳೆರೋಗ, ಕಾಂಡಕೊರಕ, ಬೆಳೆಸಾಲದ ಕಂತು ಎಂದು ಬರೆಯುತ್ತ ಬಂದ ಕಾರ್ಯದರ್ಶಿ ಈ ಸಲ ನಾಯಿಯ ಬೆದೆಯ ವಿಷಯ ಎತ್ತಿಕೊಂಡನಲ್ಲ ಎಂದು ಸದಸ್ಯ ಬಾಂಧವರು ಹುಬ್ಬೇರಿಸಬಹುದು. ಹಸು ಬೆದೆಗೆ ಬಂದರೆ ನಾವು ಜಗಲಿಯಲ್ಲಿ ಕೂತು, ಮನೆಮಂದಿಯ ಎದುರೇ, ಯಾವ ತಳಿಯ ಇಂಜೆಕ್ಷನ್ ಕೊಡಿಸುವುದೆಂದು ಚರ್ಚಿಸುತ್ತೇವೆ. ನಾಯಿಯ ಮಾತು ಬಂದಾಗ ಮಾತ್ರ ಮುಖ ತಿರುಗಿಸುತ್ತೇವೆ. ಹಸು ಹಾಲು ಕೊಡುತ್ತದೆ, ನಾಯಿ ಕೊಡುವುದಿಲ್ಲ. ಸಂಕೋಚದ ಮೂಲ ಇಷ್ಟೇ ಎಂದು ನನ್ನ ಅನುಮಾನ.

ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ, ಕಾಫಿ ಕೊಯ್ಲಿನ ಭರಾಟೆಯಲ್ಲಿ, ನಮ್ಮ ಕಾಳಿ ಬೆದೆಗೆ ಬಂದಳು. ಜಗಲಿಯಲ್ಲಿ ರಕ್ತದ ಹನಿ ಕಂಡ ನನ್ನ ತಾಯಿ ಅವಳನ್ನು ಹೊರಗೆ ಕಟ್ಟಲು ಹೇಳಿದರು. ಕಣದ ಬದಿಯ ಕಂಬಕ್ಕೆ ಕಟ್ಟಿಸಿದೆ. ಒಂಬತ್ತು ಹತ್ತು ದಿನಕ್ಕೆ ಕೆಂಪು ಕಡಿಮೆಯಾಯಿತು. ಎಲ್ಲ ಮುಗಿಯಿತೆಂದು ಸರಪಳಿ ಬಿಚ್ಚಿದೆ. ಪದವಿ ಓದಿದವನ ಬುದ್ಧಿ ಅಷ್ಟು!

ನಿಜ ಸಂಗತಿ ತದ್ವಿರುದ್ಧ. ಬೆದೆಯ ಅವಧಿ ಸುಮಾರು ಮೂರು ವಾರ. ಮೊದಲ ವಾರ, ಒಂಬತ್ತು ದಿನ ಯೋನಿದ್ವಾರ ಊದಿ ರಕ್ತಸ್ರಾವವಾಗುತ್ತದೆ. ಗಂಡು ನಾಯಿಗಳು ಸುತ್ತುತ್ತವೆ, ಆದರೆ ಹೆಣ್ಣು ಹತ್ತಿರ ಸೇರಿಸುವುದಿಲ್ಲ. ಸ್ರಾವ ತೆಳುವಾಗಿ ಹುಲ್ಲಿನ ಬಣ್ಣಕ್ಕೆ ತಿರುಗಿ, ಬೆನ್ನ ಹಿಂಭಾಗ ಮುಟ್ಟಿದೊಡನೆ ಬಾಲ ಪಕ್ಕಕ್ಕೆ ಸರಿಸಿ ನಿಂತಳೆಂದರೆ, ಗಬ್ಬವಾಗುವ ಕಾಲ ಆಗಲೇ ಶುರು. ಅದೂ ಸುಮಾರು ಒಂಬತ್ತು ದಿನ. ನಾವು ಬಿಚ್ಚುವುದು ಸರಿಯಾಗಿ ಆ ದಿನವೇ. ದಿನಗಳು ನಾಯಿಯಿಂದ ನಾಯಿಗೆ ಹೆಚ್ಚು ಕಡಿಮೆಯಾಗುವುದರಿಂದ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೊದಲ ಹನಿ ಕಂಡಂದಿನಿಂದ ಪೂರ್ತಿ ಮೂರು ವಾರ, ಬೇಕಾದರೆ ಇನ್ನೂ ಕೆಲವು ದಿನ ಕಾಯುವುದು ಕ್ಷೇಮ.

ಕಾಳಿಯನ್ನು ಬಿಟ್ಟ ದಿನ ಎಲ್ಲೆಲ್ಲಿಯದೋ ಎಂಟು ಗಂಡು ನಾಯಿಗಳು ಕಣದಲ್ಲಿ ಕಾದಾಡಿದವು. ಹರಡಿದ್ದ ಕಾಫಿ ಹಾಳಾದದ್ದು ಹೋಗಲಿ; ಲೈನ್ ಮನೆಯ ಹುಡುಗನೊಬ್ಬ ನೀರಿಗೆ ಹೋಗುವಾಗ ಮೀನಖಂಡಕ್ಕೆ ಕಚ್ಚಿಸಿಕೊಂಡ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ಗಾಯ ತೊಳೆದು ಆಸ್ಪತ್ರೆಗೆ ಓಡಿದೆವು. ಚುಚ್ಚುಮದ್ದೆಲ್ಲ ಮುಗಿಯುವವರೆಗೆ ಅವನ ತಾಯಿ ನನ್ನ ಮುಖ ನೋಡಲಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧವಿಲ್ಲ ಎಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅರವತ್ತಮೂರನೆಯ ದಿನದ ಆಸುಪಾಸಿನಲ್ಲಿ ಏಳು ಮರಿ. ಮೂರು ಗಂಡನ್ನು ಕೇಳಿ ಒಯ್ದರು. ನಾಲ್ಕು ಹೆಣ್ಣು ಉಳಿದವು. ಅವನ್ನು ಗೋಣಿಚೀಲದಲ್ಲಿ ಹಾಕಿ ಸಂತೆಯ ದಿನ ಪೇಟೆಯಾಚೆ ಬಿಟ್ಟು ಬಂದವನು ನಮ್ಮ ಕೆಲಸದವನು. ಹೇಳಿ ಕಳುಹಿಸಿದವನು ನಾನು. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಕಾಯಿದೆ ಇರಲಿ, ಆ ರಾತ್ರಿ ಕಾಳಿ ಮರಿಗಳನ್ನು ಹುಡುಕಿಕೊಂಡು ಕೊಟ್ಟಿಗೆ, ಸೌದೆಮನೆ, ಉಗ್ರಾಣ ಎಲ್ಲ ಸುತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ಬೆದೆಯ ನಾಯಿಯನ್ನು ಹೊರಗೆ ಕಟ್ಟುವುದು ಕಾವಲಲ್ಲ. ಸರಪಳಿಯಲ್ಲಿರುವವಳು ತಪ್ಪಿಸಿಕೊಳ್ಳಲೂ ಆರಳು, ಬೇಲಿ ಗಂಡು ನಾಯಿಗೆ ಲೆಕ್ಕವಲ್ಲ. ಬಾಗಿಲು ಭದ್ರವಿರುವ ಕೋಣೆ, ಹಳೆ ಬಟ್ಟೆಯ ಹಾಸು, ಸದಾ ನೀರು, ಬೆಳಿಗ್ಗೆ ಸಂಜೆ ಹಗ್ಗ ಹಿಡಿದು ಒಂದು ಸುತ್ತು, ಇಷ್ಟು ಸಾಕು. ಊಟ ಕಡಿಮೆ ಮಾಡಬಹುದು, ಮಂಕಾಗಬಹುದು, ಬೈಯಬೇಡಿ. ಜೋಡಿ ಸೇರಿ ಅಂಟಿಕೊಂಡ ನಾಯಿಗಳಿಗೆ ನೀರೆರಚಿ, ಕೋಲು ಹಾಕಿ ಬಿಡಿಸುವುದು ಎರಡಕ್ಕೂ ಗಾಯ. ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ತಾವೇ ಬಿಡುತ್ತವೆ.

ಬೆದೆ ಮುಗಿದು ಒಂದೆರಡು ತಿಂಗಳೊಳಗೆ ವಿಪರೀತ ನೀರು ಕುಡಿಯುವುದು, ವಾಂತಿ, ಹೊಟ್ಟೆ ಉಬ್ಬರ, ಕೀವು ಕಂಡರೆ ಗರ್ಭಕೋಶದಲ್ಲಿ ಕೀವು ತುಂಬಿದೆಯೆಂದು ಶಂಕಿಸಿ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಕೀವು ಹೊರಗೆ ಬಾರದಿದ್ದರೆ ಇನ್ನೂ ಅಪಾಯ. ಬೆದೆ ತಡೆಯುವ ಹಾರ್ಮೋನ್ ಚುಚ್ಚುಮದ್ದನ್ನು ಅಗ್ಗವೆಂದು ಕೆಲವು ಸದಸ್ಯರು ಕೇಳುತ್ತಾರೆ. ಈ ರೋಗವನ್ನೂ ಕೆಚ್ಚಲ ಗೆಡ್ಡೆಯನ್ನೂ ಅದು ಹೆಚ್ಚಿಸುತ್ತದೆ. ನಾನಂತೂ ಬೇಡ ಎನ್ನುತ್ತೇನೆ.

ಮರಿ ಬೇಡದವರಿಗೆ ಉಳಿದ ದಾರಿ ಸಂತಾನಹರಣ ಶಸ್ತ್ರಚಿಕಿತ್ಸೆ. ಬೆದೆಯಲ್ಲಿರುವಾಗ ರಕ್ತಸ್ರಾವ ಹೆಚ್ಚಾದ್ದರಿಂದ ವೈದ್ಯರು ಎರಡು ಮೂರು ತಿಂಗಳು ಕಾಯಲು ಹೇಳುತ್ತಾರೆ. ಆಪರೇಷನ್ ಆದ ನಾಯಿ ಕಾವಲಿಗೆ ಬಾರದೆಂಬ ಮಾತು ಕೇಳಿದ್ದೇನೆ. ಕಾಳಿಗೆ ಮಾಡಿಸಿದ್ದೇನೆ; ರಾತ್ರಿ ಅಡಿಕೆ ಚಪ್ಪರದ ಬಳಿ ಯಾರಾದರೂ ಸುಳಿದು ನೋಡಲಿ. ತುಸು ದಪ್ಪವಾಗಿದ್ದಾಳೆ, ಅದು ಅನ್ನದ ಅಳತೆಯ ಪ್ರಶ್ನೆ. 2023ರ ನಿಯಮಗಳು ಬೀದಿನಾಯಿಯ ಸಂತಾನ ನಿಯಂತ್ರಣವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ; ಸಾಕಿದ ನಾಯಿಯ ಹೊಣೆ ಸಾಕಿದವನದೇ.

ಒಬ್ಬೊಬ್ಬರೇ ನಾಯಿಯನ್ನು ಜೀಪಿಗೆ ಹತ್ತಿಸಿ ಪೇಟೆಗೆ ಹೋಗುವುದು ಸಣ್ಣ ಹಿಡುವಳಿದಾರರಿಗೆ ಭಾರ. ಹತ್ತು ಹದಿನೈದು ಮನೆಯವರು ಸೇರಿದರೆ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಗಾಗಿ ಸಂಘದ ಗೋದಾಮಿಗೇ ವೈದ್ಯರನ್ನು ಕರೆಸುವ ವಿಚಾರವನ್ನು ಆಡಳಿತ ಮಂಡಳಿಯ ಮುಂದಿಡುತ್ತೇನೆ. ಒಪ್ಪುವವರು ಗೊಬ್ಬರ ಒಯ್ಯಲು ಬಂದಾಗ ಗುಮಾಸ್ತರಲ್ಲಿ ಹೆಸರು ಬರೆಸಿ, ನಾಯಿಯ ವಯಸ್ಸು ಮತ್ತು ಕಳೆದ ಬೆದೆಯ ತಿಂಗಳನ್ನೂ ತಿಳಿಸಬೇಕು. ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಟ್ಟರೂ ಆದೀತು.