ಋಣವೂ ಗೆಲುವೂ

ಆಟಗಾರನೊಬ್ಬನ ಹಿರಿಮೆಯನ್ನು ಅಳೆಯುವಾಗ ಲೋಕವು ಸಾಮಾನ್ಯವಾಗಿ ಅಂಕಿಗಳನ್ನೇ ನೆಚ್ಚುತ್ತದೆ. ಎಷ್ಟು ಗೋಲು ಹೊಡೆದನು, ಎಷ್ಟು ಪ್ರಶಸ್ತಿ ಗಳಿಸಿದನು, ಎಷ್ಟು ಹಣ ಪಡೆದನು ಎಂಬ ಲೆಕ್ಕ ಮುಗಿದೊಡನೆ ಆತನನ್ನು ಕುರಿತು ಹೇಳಬೇಕಾದುದೆಲ್ಲವೂ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆದರೆ ಅಂಕಿಗಳ ಹಿಡಿತಕ್ಕೆ ಸಿಕ್ಕದ ವಸ್ತುವೊಂದಿದೆ. ಅದೇ ಋಣ. ಅನ್ನವಿಟ್ಟ ಮನೆಗೆ, ನೆಲೆ ಕೊಟ್ಟ ಊರಿಗೆ, ನಂಬಿದ ಜನಕ್ಕೆ ಮನುಷ್ಯನು ಎಷ್ಟರ ಮಟ್ಟಿಗೆ ಬದ್ಧನು? ಹಣಕ್ಕಾಗಿ ಆಡುವ ವೃತ್ತಿಪರ ಆಟಗಾರನಿಗೂ ಈ ಮಾತು ಅನ್ವಯಿಸುವುದೆ? ಅರ್ಜೆಂಟೀನದ ಕಾಲ್ಚೆಂಡಾಟಗಾರ ಗೇಬ್ರಿಯಲ್ ಬಟಿಸ್ಟುಟಾನ ಬಾಳಿನಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ದೊರೆಯುತ್ತದೆ.

ಬಟಿಸ್ಟುಟಾ ಹುಟ್ಟಿದ್ದು 1969ರಲ್ಲಿ, ಸಾಂಟಾ ಫೆ ಪ್ರಾಂತದಲ್ಲಿ. ಬೆಳೆದದ್ದು ಅದೇ ಪ್ರಾಂತದ ರೆಕೊನ್ಕಿಸ್ಟಾ ಎಂಬ ಊರಿನಲ್ಲಿ. ಎತ್ತರದ ಹುಡುಗನಾದ ಆತನಿಗೆ ಮೊದಲು ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಆಸಕ್ತಿ ಹೆಚ್ಚಿತ್ತು. 1978ರಲ್ಲಿ ಅರ್ಜೆಂಟೀನವು ತನ್ನ ನೆಲದಲ್ಲಿಯೇ ವಿಶ್ವಕಪ್ ಗೆದ್ದಾಗ ಮಾರಿಯೊ ಕೆಂಪೆಸ್‌ನ ಆಟವನ್ನು ಕಂಡು ಆತನ ಮನಸ್ಸು ಕಾಲ್ಚೆಂಡಿನ ಕಡೆಗೆ ತಿರುಗಿತು. ಮುಂದೆ ರೊಸಾರಿಯೊ ನಗರದ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ತಂಡವನ್ನು ಸೇರಿ, ಮನೆಯವರಿಂದ ದೂರವಿದ್ದು ಆಟವನ್ನು ಕಲಿತನು. ರಿವರ್ ಪ್ಲೇಟ್, ಬೋಕಾ ಜೂನಿಯರ್ಸ್ ಎಂಬ ಬದ್ಧವೈರಿ ತಂಡಗಳೆರಡಕ್ಕೂ ಆಡಿ, 1991ರಲ್ಲಿ ಕೋಪಾ ಅಮೆರಿಕ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಗಳಿಸಿದನು. ಅದೇ ವರ್ಷ ಇಟಲಿಯ ಫ್ಲಾರೆನ್ಸ್ ನಗರದ ಫಿಯೊರೆಂಟಿನಾ ತಂಡವು ಆತನನ್ನು ಬರಮಾಡಿಕೊಂಡಿತು.

ಫ್ಲಾರೆನ್ಸ್ ಚಿತ್ರಕಾರರ, ಶಿಲ್ಪಿಗಳ, ಕವಿಗಳ ನಗರವೆಂದು ಪ್ರಸಿದ್ಧವಾದುದು. ಕಾಲ್ಚೆಂಡಿನಲ್ಲಿ ಮಾತ್ರ ಮಿಲಾನ್, ಟ್ಯುರಿನ್ ನಗರಗಳ ಶ್ರೀಮಂತ ತಂಡಗಳ ಮುಂದೆ ಅದರ ಬಲ ಅಷ್ಟಕ್ಕಷ್ಟೆ. 1993ರಲ್ಲಿ ಆ ತಂಡಕ್ಕೆ ದೊಡ್ಡ ವಿಪತ್ತು ಒದಗಿತು. ಬಟಿಸ್ಟುಟಾ ಆ ಋತುವಿನ ಲೀಗಿನಲ್ಲಿ 16 ಗೋಲು ಗಳಿಸಿದ್ದರೂ ತಂಡವು ಸೋಲಿನ ಮೇಲೆ ಸೋಲನ್ನುಂಡು ಎರಡನೆಯ ಶ್ರೇಣಿಗೆ ಇಳಿಯಿತು. ಆತನಾದರೋ ಆಗ ಅರ್ಜೆಂಟೀನದ ವೀರ. ಅದೇ ವರ್ಷದ ಕೋಪಾ ಅಮೆರಿಕದ ಅಂತಿಮ ಪಂದ್ಯದಲ್ಲಿ ಮೆಕ್ಸಿಕೋ ವಿರುದ್ಧ ತನ್ನ ದೇಶದ ಎರಡು ಗೋಲುಗಳನ್ನೂ ತಾನೇ ಹೊಡೆದು ಪ್ರಶಸ್ತಿಯನ್ನು ತಂದುಕೊಟ್ಟಿದ್ದನು. ಮರುವರ್ಷವೇ ವಿಶ್ವಕಪ್ ಇತ್ತು. ಇಂಥ ವೇಳೆಯಲ್ಲಿ ಕೆಳಗಿನ ಶ್ರೇಣಿಯಲ್ಲಿ ಆಡುವುದೆಂದರೆ ತನ್ನ ಏಳಿಗೆಯನ್ನು ತಾನೇ ಪಣಕ್ಕೊಡ್ಡಿದಂತೆ. ಆದರೂ ಆತನು ತಂಡವನ್ನು ಬಿಡಲಿಲ್ಲ. ಎರಡನೆಯ ಶ್ರೇಣಿಯಲ್ಲಿಯೂ 16 ಗೋಲು ಗಳಿಸಿ, ಒಂದೇ ವರ್ಷದಲ್ಲಿ ತಂಡವು ಮೇಲಕ್ಕೇರಲು ನೆರವಾದನು.

ವೃತ್ತಿಪರನು ಎಲ್ಲಿದ್ದರೂ ಸಂಬಳಕ್ಕೇ ಆಡುತ್ತಾನೆ, ಇದರಲ್ಲಿ ಋಣದ ಮಾತೇಕೆ ಎಂದು ಕೆಲವರು ಕೇಳಬಹುದು. ಆತನು ಫ್ಲಾರೆನ್ಸಿನಲ್ಲಿ ಬಡತನವನ್ನು ಅನುಭವಿಸಲಿಲ್ಲವೆಂಬುದು ನಿಜ. ಆದರೆ ಸಂಬಳ ಪಡೆಯುವವರೆಲ್ಲರೂ ಒಂದೇ ಬಗೆಯಾಗಿ ದುಡಿಯುವುದಿಲ್ಲ. ನೆರಳಿರುವ ತನಕ ಮರದಡಿ ಕುಳಿತು, ಎಲೆ ಉದುರಿದೊಡನೆ ಎದ್ದು ಹೋಗುವವರು ಕೆಲವರು. ಆ ಮರಕ್ಕೆ ನೀರೆರೆಯುವವರು ಕೆಲವರು. ಬಟಿಸ್ಟುಟಾ ಈ ಎರಡನೆಯ ಗುಂಪಿಗೆ ಸೇರಿದವನು.

ಮೇಲಕ್ಕೇರಿದ ಮೊದಲ ಋತುವಿನಲ್ಲಿಯೇ, ಎಂದರೆ 1994–95ರಲ್ಲಿ, ಆತನು ಮೊದಲ 11 ಪಂದ್ಯಗಳಲ್ಲಿ ಒಂದನ್ನೂ ಬಿಡದೆ ಗೋಲು ಹೊಡೆದು, ಬೊಲೊನ್ಯ ತಂಡದ ಎಜಿಯೊ ಪಸ್ಕುಟ್ಟಿ 1962ರಲ್ಲಿ ಸ್ಥಾಪಿಸಿದ್ದ ದಾಖಲೆಯನ್ನು ಮುರಿದನು. ಒಟ್ಟು 26 ಗೋಲುಗಳೊಡನೆ ಲೀಗಿನಲ್ಲಿಯೇ ಅಗ್ರಸ್ಥಾನ ಪಡೆದನು. 1996ರಲ್ಲಿ ತಂಡವು ಇಟಲಿ ಕಪ್ಪನ್ನು ಗೆದ್ದಿತು. ಅದೇ ವರ್ಷ ಸೂಪರ್ ಕಪ್ ಪಂದ್ಯದಲ್ಲಿ ಬಲಾಢ್ಯವಾದ ಮಿಲಾನ್ ತಂಡವನ್ನು 2–1ರಿಂದ ಸೋಲಿಸಿತು. ಆ ಎರಡು ಗೋಲುಗಳೂ ಆತನವೇ. ಶಿಲ್ಪಗಳಿಗೆ ಹೆಸರಾದ ಆ ನಗರದಲ್ಲಿ ಅಭಿಮಾನಿಗಳು ಆತನ ಆಳೆತ್ತರದ ಪ್ರತಿಮೆಯನ್ನು ನಿಲ್ಲಿಸಿದರು.

ಆದರೂ ಲೀಗ್ ಪ್ರಶಸ್ತಿ ಕೈಗೂಡಲಿಲ್ಲ. 1998–99ರ ಋತುವಿನಲ್ಲಿ ಫಿಯೊರೆಂಟಿನಾ ಅರ್ಧದಾರಿಯವರೆಗೆ ಎಲ್ಲರಿಗಿಂತ ಮುಂದಿತ್ತು. 1999ರ ಫೆಬ್ರವರಿಯಲ್ಲಿ ಬಟಿಸ್ಟುಟಾ ಪೆಟ್ಟು ತಿಂದು ಮಲಗಿದನು. ಅದೇ ಹೊತ್ತಿನಲ್ಲಿ ಜೊತೆಯ ಮುಂಚೂಣಿ ಆಟಗಾರನೊಬ್ಬನು ಕಾರ್ನಿವಲ್ ಉತ್ಸವಕ್ಕೆಂದು ತನ್ನ ದೇಶವಾದ ಬ್ರೆಜಿಲಿಗೆ ಹೊರಟುಹೋದನು. ತಂಡವು ಮೂರನೆಯ ಸ್ಥಾನಕ್ಕೆ ಜಾರಿತು. ಒಬ್ಬನ ಶ್ರಮವು ಎಷ್ಟೇ ದೊಡ್ಡದಾದರೂ ಹಲವರ ಹೊಣೆಗಾರಿಕೆಯ ಸ್ಥಾನವನ್ನು ಅದು ತುಂಬಲಾರದು.

2000ದಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ, ಆತನು ರೋಮಾ ತಂಡಕ್ಕೆ ಹೋದನು. ರೋಮಾ ಆತನಿಗಾಗಿ ತೆತ್ತ ಹಣ ಸುಮಾರು 7,000 ಕೋಟಿ ಲಿರಾ. ಆಟಗಾರನ ಆಯುಸ್ಸಿನಲ್ಲಿ ಅದು ಸಂಜೆಯ ಹೊತ್ತು. ಇದನ್ನು ಕೃತಘ್ನತೆಯೆಂದು ಕರೆಯುವುದು ನ್ಯಾಯವಲ್ಲ. ಒಂಬತ್ತು ವರ್ಷ ದುಡಿದು, ಇನ್ನೂರಕ್ಕೂ ಮಿಕ್ಕಿ ಗೋಲುಗಳನ್ನಿತ್ತು, ತಂಡವು ಬಿದ್ದಾಗ ಜೊತೆಗೆ ನಿಂತವನು ತನ್ನ ಬಹುಕಾಲದ ಆಸೆಯನ್ನು ಈಡೇರಿಸಿಕೊಳ್ಳಲು ಹೊರಟರೆ ಅದು ದ್ರೋಹವಾಗುವುದು ಹೇಗೆ? ನಿಷ್ಠೆಯೆಂಬುದು ಕಾಲಿಗೆ ಬಿಗಿದ ಸಂಕೋಲೆಯಲ್ಲ. ಅದನ್ನು ಅಳೆಯಬೇಕಾದುದು ಕಷ್ಟಕಾಲದ ನಡತೆಯಿಂದ, ಬೀಳ್ಕೊಂಡ ಬಳಿಕ ಉಳಿಯುವ ಗೌರವದಿಂದ.

ಆ ಗೌರವ ಉಳಿದಿತ್ತೆಂಬುದಕ್ಕೆ ಅದೇ ವರ್ಷದ ನವೆಂಬರ್ 26ರ ಪಂದ್ಯವೇ ಸಾಕ್ಷಿ. ರೋಮಾ ಮತ್ತು ಫಿಯೊರೆಂಟಿನಾ ಎದುರುಬದುರಾದವು. ಪಂದ್ಯವು ಮುಗಿಯುತ್ತ ಬಂದಿದ್ದಾಗ ಬಟಿಸ್ಟುಟಾ ದೂರದಿಂದ ಬಿರುಸಾಗಿ ಒದ್ದ ಚೆಂಡು ಗೋಲನ್ನು ಹೊಕ್ಕಿತು. ಆ ಒಂದೇ ಗೋಲಿನಿಂದ ರೋಮಾ ಗೆದ್ದಿತು. ಸಂಗಡಿಗರು ಓಡಿಬಂದು ಅಪ್ಪಿಕೊಂಡರು. ಆತನು ಮಾತ್ರ ಹಿಗ್ಗಲಿಲ್ಲ, ಕಣ್ಣೀರು ತಂದನು. ತಾನು ಸೇರಿದ ತಂಡಕ್ಕೆ ಮಾಡಬೇಕಾದ ಕರ್ತವ್ಯವನ್ನು ಕಾಲು ಮಾಡಿತು. ಹಳೆಯ ಋಣವನ್ನು ಕಣ್ಣು ನೆನೆಯಿತು. ಇವೆರಡರಲ್ಲಿ ಯಾವುದೂ ಸುಳ್ಳಲ್ಲ.

2001ರ ಜೂನ್ 17ರಂದು ರೋಮಾ ಪಾರ್ಮಾ ತಂಡವನ್ನು 3–1ರಿಂದ ಸೋಲಿಸಿ ಲೀಗ್ ಪ್ರಶಸ್ತಿಯನ್ನು ಪಡೆಯಿತು. ಆ ಪಂದ್ಯದ ಒಂದು ಗೋಲು ಬಟಿಸ್ಟುಟಾನದು. ಆ ಋತುವಿನ ಲೀಗಿನಲ್ಲಿ ಆತನು ಗಳಿಸಿದ ಗೋಲುಗಳು 20.

ಈ ಬಾಳಿಗೆ ಇನ್ನೊಂದು ಮುಖವಿದೆ. ನೋವನ್ನು ನುಂಗಿ ಆಡಿ ಆಡಿ ಆತನ ಕಣಕಾಲಿನ ಕೀಲುಗಳು ಸವೆದುಹೋಗಿದ್ದವು. 2005ರಲ್ಲಿ ನಿವೃತ್ತನಾದ ಮೇಲೆ ಆತನಿಗೆ ನಡೆಯುವುದೇ ದುಸ್ತರವಾಯಿತು. ನೋವು ತಾಳಲಾರದೆ, ಕಾಲುಗಳನ್ನು ಕತ್ತರಿಸಿಬಿಡಿ ಎಂದು ವೈದ್ಯರನ್ನು ಬೇಡಿಕೊಂಡ ಸಂಗತಿಯನ್ನು ಆತನೇ 2014ರಲ್ಲಿ ಬಹಿರಂಗವಾಗಿ ಹೇಳಿದನು. ವೈದ್ಯರು ಅದಕ್ಕೆ ಒಪ್ಪಲಿಲ್ಲ. ಎರಡು ವಿಶ್ವಕಪ್‌ಗಳಲ್ಲಿ ಹ್ಯಾಟ್ರಿಕ್ ಸಾಧಿಸಿದ ಕಾಲುಗಳಿಗೆ ಒದಗಿದ ಗತಿ ಇದು.

ಋಣವು ಆಟಗಾರನ ಮೇಲೆ ಮಾತ್ರ ಇರುವಂಥದಲ್ಲವೆಂಬುದನ್ನು ಈ ಸಂಗತಿ ಎತ್ತಿ ತೋರಿಸುತ್ತದೆ. ಪೆಟ್ಟಾದರೂ ಆಡೆಂದು ಕೂಗುವ ಪ್ರೇಕ್ಷಕರೂ, ಸೂಜಿಮದ್ದಿನ ಬಲದಿಂದ ಆಟಗಾರರನ್ನು ಕಣಕ್ಕಿಳಿಸುವ ತಂಡಗಳೂ ಅವರ ದೇಹಕ್ಕೆ ಋಣಿಗಳು. ಗೋಲಿಗೆ ಚಪ್ಪಾಳೆ ತಟ್ಟಿ, ನೋವಿನ ಕಡೆಗೆ ಬೆನ್ನು ತಿರುಗಿಸುವುದು ಅಭಿಮಾನವೆನಿಸದು. ತನ್ನ ದೇಹವನ್ನು ಕಾಪಾಡಿಕೊಳ್ಳುವುದು ಹೇಡಿತನವಲ್ಲವೆಂಬುದನ್ನು ಆಡುವ ಮಕ್ಕಳಿಗೆ ತಿಳಿಸುವುದು ಹಿರಿಯರ ಹೊಣೆ.

ಅರ್ಜೆಂಟೀನದ ಪರವಾಗಿ ಅತ್ಯಧಿಕ ಗೋಲು ಗಳಿಸಿದವನೆಂಬ ಬಟಿಸ್ಟುಟಾನ ದಾಖಲೆಯನ್ನು 2016ರಲ್ಲಿ ಲಿಯೊನೆಲ್ ಮೆಸ್ಸಿ ಮುರಿದನು. ದಾಖಲೆಗಳು ಇರುವುದೇ ಮುರಿಯುವುದಕ್ಕೆ. ಆದರೆ 1993ರ ಬೇಸಗೆಯಲ್ಲಿ, ಬಿದ್ದ ತಂಡವನ್ನು ಬಿಟ್ಟು ಹೋಗದೆ ಅದರೊಡನೆ ನಿಂತ ಆತನ ನಿರ್ಧಾರವನ್ನು ಯಾವ ಹೊಸ ಅಂಕಿಯೂ ಅಳಿಸಲಾರದು. ಫ್ಲಾರೆನ್ಸಿನ ಜನರು ಆತನನ್ನು ತಮ್ಮವನೆಂದು ಕರೆಯುವುದು ಆ ನಿರ್ಧಾರವನ್ನು ನೆನೆದು.