ಉಬ್ಬಸದವರು ಮತ್ತು ನೀರಿನ ನಡಿಗೆ

‘ದಿನಾ ಸ್ವಲ್ಪ ನಡೆಯಿರಿ’ ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ನಡೆದರೆ ಏದುಸಿರು, ಅದರ ಜೊತೆಗೆ ಮೊಣಕಾಲು ನೋವು, ಮೈಭಾರ. ಹೀಗಾಗಿ ನಮ್ಮ ಹಿರಿಯರು ಗಾದಿ ಬಿಟ್ಟು ಏಳುವುದೇ ಇಲ್ಲ. ಕೂತಷ್ಟೂ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಕಾಲು ಅಷ್ಟೇ ಕೆಲಸಕ್ಕೆ ಹೆಚ್ಚು ಉಸಿರು ಕೇಳುತ್ತದೆ. ಅಸಲು ತೀರದೆ ಬಡ್ಡಿ ಬೆಳೆದ ಹಾಗೆ! ನಮ್ಮ ಆದವಾನಿಯಲ್ಲಿ ಹತ್ತಿಯ ಧೂಳು ಕುಡಿದು ವ್ಯಾಪಾರ ಮಾಡಿದವರಲ್ಲಿ, ಸೌದೆ ಒಲೆ ಊದಿದ ತಾಯಂದಿರಲ್ಲಿ ಈ ಪಾಡನ್ನು ನಾವು ಬಹಳ ಕಂಡಿದ್ದೇವೆ.

ಅಂಥವರಿಗೆ ನೀರಿನಲ್ಲಿ ವ್ಯಾಯಾಮವೆಂಬ ದಾರಿಯೊಂದಿದೆ. ಈಜು ಬರಬೇಕೆಂದಿಲ್ಲ. ನೀರಿನಲ್ಲಿ ನಿಂತು ನಡೆಯುವುದು, ಕೈಕಾಲು ಆಡಿಸುವುದು, ಅಷ್ಟೇ. ಸೊಂಟಮಟ್ಟದ ನೀರಿನಲ್ಲಿ ಕಾಲಿನ ಮೇಲಿನ ಭಾರ ಸುಮಾರು ಅರ್ಧವಾಗುತ್ತದೆ. 80 ಕಿಲೋ ತೂಗುವವರು 40 ಕಿಲೋದವರಂತೆ ಹೆಜ್ಜೆ ಇಡಬಹುದು.

ಆಸ್ಟ್ರೇಲಿಯಾದಲ್ಲಿ ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಸಿಓಪಿಡಿ ಎಂಬ ಶ್ವಾಸಕೋಶದ ಕಾಯಿಲೆಯ ಜೊತೆಗೆ ಕೀಲುನೋವು, ಬೆನ್ನುನೋವು ಅಥವಾ ಬೊಜ್ಜು ಇದ್ದ 53 ಜನ. ಕೆಲವರಿಗೆ ನೀರಿನಲ್ಲಿ, ಕೆಲವರಿಗೆ ನೆಲದ ಮೇಲೆ ವಾರಕ್ಕೆ 3 ದಿನದಂತೆ 8 ವಾರ ವ್ಯಾಯಾಮ, ಉಳಿದವರಿಗೆ ಏನೂ ಇಲ್ಲ. ಕೊನೆಗೆ ನೀರಿನ ಗುಂಪಿನವರೇ ಹೆಚ್ಚು ದೂರ ನಡೆದರು, ದಣಿವೂ ಕಡಿಮೆಯಾಗಿತ್ತು. ಶ್ವಾಸಕೋಶ ಹೊಸದಾಯಿತೆಂದಲ್ಲ, ಕಾಲು ಬಲಿತವು. ಜನ ಕಡಿಮೆ, ಅವಧಿಯೂ ಕಡಿಮೆ, ನಿಜ. ಆದರೂ ಮೊಣಕಾಲಿನ ನೆಪದಲ್ಲಿ ಕುಳಿತವರಿಗೆ ಇದು ಸಣ್ಣ ಲಾಭವಲ್ಲ.

ಆದರೆ ಕೊಳಕ್ಕೆ ಇಳಿಯುವ ಮೊದಲು ಡಾಕ್ಟರನ್ನು ಕೇಳಲೇಬೇಕು. ನೀರು ಎದೆಯನ್ನು ಒತ್ತುತ್ತದೆ. ಕುತ್ತಿಗೆಮಟ್ಟಕ್ಕೆ ಹೋದರೆ ಉಸಿರೆಳೆಯುವ ಶ್ರಮ ಬಹಳ ಹೆಚ್ಚುತ್ತದೆ. ಕಾಲಿನ ರಕ್ತವೂ ಮೇಲಕ್ಕೆ ನುಗ್ಗುವುದರಿಂದ ಹೃದಯ ದುರ್ಬಲವಿದ್ದವರಿಗೆ ಅಪಾಯ. ಮೊದಮೊದಲು ಸೊಂಟಮಟ್ಟ ಸಾಕು. ತಣ್ಣೀರು ಎದೆ ಬಿಗಿಯುವಂತೆ ಮಾಡುತ್ತದೆ, ಬೆಚ್ಚಗಿರಬೇಕು. ನಮ್ಮ ಊರುಗಳ ಕೊಳಗಳಲ್ಲಿ ಬಿಸಿನೀರು ಎಲ್ಲಿಂದ ಬರಬೇಕು? ಬಿಸಿಲು ಕಾಲದಲ್ಲಿ, ನೀರು ಕಾದ ಸಂಜೆ ಹೊತ್ತೇ ವಾಸಿ. ಮುಚ್ಚಿದ ಕಟ್ಟಡದೊಳಗೆ ಕ್ಲೋರಿನ್ ಘಾಟು ಮೂಗಿಗೆ ಹೊಡೆದರೆ ಹಿಂದಿರುಗಿ ಬನ್ನಿ, ಅದೇ ಕೆಮ್ಮು ಎಬ್ಬಿಸುತ್ತದೆ. ಇನ್‌ಹೇಲರ್ ದಡದ ಮೇಲೆ ಕೈಗೆ ಸಿಗುವಂತಿರಲಿ. ಒಬ್ಬರೇ ಎಂದೂ ಇಳಿಯಬಾರದು. ಫಿಸಿಯೋಥೆರಪಿಸ್ಟ್ ಮುಂದೆ ನಿಂತು ಮಾಡಿಸಿದರೆ ಉತ್ತಮ. ಮಾತನಾಡಲು ಆಗದಷ್ಟು ಏದುಸಿರು ಬಂದರೆ ನಿಲ್ಲಿಸಿ, ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡಬೇಕು.

ನೀರಿನ ಜೀವಗಳನ್ನು ನೆನೆದು ಕೊಳಕ್ಕೆ ಇಳಿಯಲೊಪ್ಪದ ವ್ರತಸ್ಥ ಹಿರಿಯರು ಕೆಲವು ಮನೆಗಳಲ್ಲಿದ್ದಾರೆ. ಅವರನ್ನು ಮಕ್ಕಳು ಒತ್ತಾಯಿಸಬಾರದು. ಕುರ್ಚಿಯಿಂದ ಎದ್ದು ಕೂರುವುದು, ಅಂಗಳದಲ್ಲಿ ನಿಂತು ನಿಂತು ನಡೆಯುವುದು ಅವರಿಗೂ ಗುಣ ಕೊಡುತ್ತದೆ. ತಾಯಂದಿರ ತೊಂದರೆ ಬೇರೆ. ನೆನೆದ ಸೀರೆ ಕಾಲಿಗೆ ಸುತ್ತಿ ಬೀಳಿಸುತ್ತದೆ. ಸಲ್ವಾರ್ ಕಮೀಜ್ ಹಾಕಿಸಿ, ಹೆಂಗಸರ ಸಮಯ ಯಾವುದೆಂದು ಕೇಳಿಕೊಂಡು, ಸೊಸೆಯೋ ಮಗಳೋ ಜೊತೆಗೆ ಹೋಗಲಿ.